ಸಿಂಗಲ್ಸ್ ಬಿಟ್ಟು ಡಬಲ್ಸ್ ಹಿಡಿದೆ, ಲೆಕ್ಕ ಸರಿಹೋಯಿತು

ಕಳೆದ ಸೀಸನ್ನಿನ ಜಮಾ-ಖರ್ಚು ಮುಗಿಸಿದಾಗ ಮೊದಲ ಸಲ ಕೈಯಲ್ಲಿ ಒಂದಿಷ್ಟು ಉಳಿದಿತ್ತು. ದೊಡ್ಡ ಮೊತ್ತವೇನಲ್ಲ, ಸಾವಿರದಿಂದ ಸಾವಿರದೈನೂರು ಡಾಲರ್ ಇರಬಹುದು. ವೃತ್ತಿಪರ ಟೆನಿಸ್‌ನ ಕೆಳಗಿನ ಹಂತದ ಐಟಿಎಫ್ ಮತ್ತು ಅದರ ಮೇಲಿನ ಚಾಲೆಂಜರ್ ಟೂರ್ನಿಗಳಲ್ಲಿ ಅಲೆಯುವವರಿಗೆ ಅದರ ಬೆಲೆ ಗೊತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ ಸಿಂಗಲ್ಸ್ ಬಿಟ್ಟು ಪೂರ್ತಿ ಡಬಲ್ಸ್‌ಗೆ ಇಳಿಯುತ್ತೇನೆ ಅಂದಾಗ ಒಬ್ಬರೂ ಒಪ್ಪಿರಲಿಲ್ಲ. ಕೋಚ್ ಸರ್, "ಅದು ಮೂವತ್ತೈದು ದಾಟಿದ ಮೇಲೆ ಆಡೋದು ಕಣಯ್ಯ, ಈಗಿನ್ನೂ ಕಾಲು ಗಟ್ಟಿ ಇದೆ" ಅಂದರು. ಅಪ್ಪ, "ಇಷ್ಟು ವರ್ಷ ದುಡ್ಡು ಸುರಿದದ್ದು ಇದಕ್ಕಾ?" ಎಂದು ಕೇಳಿ ಎದ್ದುಹೋದರು. ಈಗ ಇಬ್ಬರೂ ನಮ್ಮ ಮ್ಯಾಚ್‌ಗಳ ಲೈವ್ ಸ್ಕೋರ್ ನೋಡುತ್ತಾರೆ. ಬೇರೆ ಹುಡುಗರು ಕೇಳುತ್ತಲೇ ಇರುವುದರಿಂದ ನಾನು ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಸಿಂಗಲ್ಸ್ ಲೆಕ್ಕ. ನನ್ನ ಅತ್ಯುತ್ತಮ ರ‍್ಯಾಂಕ್ 480ರ ಆಸುಪಾಸು. ಆ ಮಟ್ಟದಲ್ಲಿ ಒಟ್ಟು ಬಹುಮಾನ 15 ಸಾವಿರ ಡಾಲರ್ ಇರುವ ಟೂರ್ನಿಯ ಮೊದಲ ಸುತ್ತಿನಲ್ಲಿ ಸೋತರೆ ಸಿಗುತ್ತಿದ್ದದ್ದು 156 ಡಾಲರ್, ಕಪ್ ಗೆದ್ದರೆ 2,160ರ ಹತ್ತಿರ. ಅದರಲ್ಲೂ ಸ್ಥಳೀಯ ತೆರಿಗೆ ಕಡಿತ. ಟುನೀಷಿಯಾದ ಮೊನಾಸ್ಟಿರ್, ಟರ್ಕಿಯ ಅಂತಾಲ್ಯ, ಈಜಿಪ್ಟಿನ ಶರ್ಮ್ ಎಲ್ ಶೇಖ್ ಕಡೆ ಒಂದೇ ಜಾಗದಲ್ಲಿ ವಾರದ ಮೇಲೆ ವಾರ ಟೂರ್ನಿ ಇರುವುದರಿಂದ ವಿಮಾನದ ಖರ್ಚು ಉಳಿಯುತ್ತದೆ, ನಿಜ. ಆದರೆ ಹೋಟೆಲ್, ಊಟ, ಪ್ರಾಕ್ಟೀಸ್, ಗಟ್ಟಿಂಗ್ (ರ‍್ಯಾಕೆಟ್‌ಗೆ ತಂತಿ ಕಟ್ಟಿಸುವುದು) ಎಲ್ಲ ಸೇರಿ ನನಗೆ ವಾರಕ್ಕೆ ಐನೂರು-ಆರುನೂರು ಡಾಲರ್ ಬೀಳುತ್ತಿತ್ತು. ಮಂಗಳವಾರ ಸೋತರೂ ಬಿಲ್ ಭಾನುವಾರದವರೆಗೆ ಏರುತ್ತದೆ. ಸೆಮಿಫೈನಲ್ ಮುಟ್ಟಿದರೆ ಆ ವಾರ ಸಮ. ಇನ್ನೊಬ್ಬ ಹುಡುಗನ ಜೊತೆ ಸೇರಿ ಕೋಚ್ ಇಟ್ಟುಕೊಂಡಿದ್ದ ವರ್ಷ ನನ್ನ ಖರ್ಚು 35-40 ಸಾವಿರ ಡಾಲರ್, ಬಂದದ್ದು ಏಳು ಸಾವಿರ. ಒಬ್ಬ ಪ್ರಾಯೋಜಕರು ಇದ್ದರು, ನಡುವರ್ಷದಲ್ಲೇ ಫೋನ್ ಎತ್ತುವುದನ್ನು ನಿಲ್ಲಿಸಿದರು.

ಇದು ನನ್ನೊಬ್ಬನ ಕಥೆಯಲ್ಲ. ಸುಮಿತ್ ನಾಗಲ್ ದೇಶದ ನಂಬರ್ ಒನ್ ಆಗಿದ್ದಾಗಲೇ, 2023ರಲ್ಲಿ, ಖಾತೆಯಲ್ಲಿ 900 ಯೂರೋ ಉಳಿದಿದೆ ಅಂದಿದ್ದರು. 2024ರಲ್ಲಿ ಪುರುಷರ ಟೆನಿಸ್ ನಡೆಸುವ ಎಟಿಪಿ ಕನಿಷ್ಠ ಆದಾಯದ ಯೋಜನೆ ತಂದಿತು, ಅದು ಸಿಂಗಲ್ಸ್‌ನ ಮೊದಲ 250 ಜನರಿಗೆ. 480ರವನಿಗೆ ಅಲ್ಲಿಂದ ಒಂದು ಕಾಸೂ ಬರುವುದಿಲ್ಲ.

ಡಬಲ್ಸ್‌ನಲ್ಲಿ ದುಡ್ಡು ಜಾಸ್ತಿ ಅಂತ ಯಾರೂ ತಿಳಿಯಬೇಡಿ. 15 ಸಾವಿರದ ಟೂರ್ನಿ ಗೆದ್ದರೆ ಜೋಡಿಗೆ 930 ಡಾಲರ್ ಇರಬೇಕು, ಅದನ್ನು ಇಬ್ಬರು ಹಂಚಿಕೊಳ್ಳಬೇಕು. ಆದರೆ ನಾಲ್ಕು ಮ್ಯಾಚ್ ಗೆದ್ದರೆ ಕಪ್, ಮ್ಯಾಚ್ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ, ದೇಹ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಡ್ರಾಗೆ, ಅಂದರೆ ಟೂರ್ನಿಯ ಆಟಗಾರರ ಪಟ್ಟಿಗೆ, ಸೇರಿಸಿಕೊಳ್ಳುವುದು ಇಬ್ಬರ ರ‍್ಯಾಂಕ್ ಕೂಡಿಸಿ. ಇಬ್ಬರೂ 300ರ ಹತ್ತಿರ ಬಂದರೆ ಪೈಪೋಟಿ ಕಡಿಮೆ ಇರುವ ವಾರಗಳಲ್ಲಿ ಚಾಲೆಂಜರ್ ಬಾಗಿಲು ತೆರೆಯುತ್ತದೆ. ಅಲ್ಲಿ ರೂಮು ಟೂರ್ನಿಯವರದ್ದೇ. ನನಗೆ ಅರ್ಧ ಖರ್ಚು ಇಳಿದದ್ದೇ ಅಲ್ಲಿ. ಕೆಳಗಿನ ಹಂತದಲ್ಲೂ ವೇಳಾಪಟ್ಟಿಯಲ್ಲಿ ಟೂರ್ನಿಯ ಹೆಸರಿನ ಪಕ್ಕ '+ಎಚ್' (ಉಳಿಯುವ ವ್ಯವಸ್ಥೆ ಟೂರ್ನಿಯವರದ್ದು ಎಂಬ ಗುರುತು) ಇರುವ ವಾರಗಳನ್ನು ಮೊದಲು ಗುರುತು ಹಾಕಿಕೊಂಡು, ಆಮೇಲೆ ಉಳಿದದ್ದನ್ನು ತುಂಬುತ್ತೇನೆ.

ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನ ನಂಬರ್ ಒನ್ ಆದರು. ಆ ಹೆಸರು ಎತ್ತಿದಾಗಲೆಲ್ಲ "ಅವರ ಸರ್ವ್ ನಿನಗಿದೆಯಾ?" ಎನ್ನುವ ಪ್ರಶ್ನೆ ಬರುತ್ತಿತ್ತು. ಇಲ್ಲ, ಒಪ್ಪುತ್ತೇನೆ. ಆದರೆ ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕ್ 213. ಅಲ್ಲೇ ಹಟ ಹಿಡಿದು ಕೂತಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಯಾರೂ ಕೇಳುವುದಿಲ್ಲ.

ಮೊದಲ ಆರೇಳು ತಿಂಗಳು ಬರೀ ಸೋಲು. ಪ್ರತಿ ವಾರ ಹೊಸ ಪಾರ್ಟ್ನರ್. ಸೈನ್-ಇನ್ ಮುಗಿಯುವ ಹೊತ್ತಿಗೆ ಯಾರು ಖಾಲಿ ಇದ್ದಾರೋ ಅವರ ಜೊತೆ ಹೆಸರು ಕೊಡುವುದು. ಅವರಿಗೆ ಸಿಂಗಲ್ಸ್‌ನಲ್ಲಿ ಗೆಲುವು ಸಿಕ್ಕರೆ ಡಬಲ್ಸ್‌ನಲ್ಲಿ ಕಾಲೆಳೆದುಕೊಂಡು ಆಡುತ್ತಾರೆ. ಮೂರನೇ ಸೆಟ್ ಬದಲು ಆಡುವ ಹತ್ತು ಪಾಯಿಂಟಿನ ಮ್ಯಾಚ್ ಟೈಬ್ರೇಕ್‌ನಲ್ಲಿ 8-10, 9-11 ಇಂಥವೇ ಸ್ಕೋರು. ರ‍್ಯಾಂಕಿಂಗ್ ಪಾಯಿಂಟ್‌ಗಳು ಉದುರಿ ಹೋದವು, ಉಳಿತಾಯವೂ ಕರಗಿತು.

ದಾರಿ ಬದಲಾದದ್ದು ಒಬ್ಬ ಎಡಗೈ ಆಟಗಾರ ಸಿಕ್ಕಮೇಲೆ. ಹೆಸರು ಬೇಡ. ಅವನೂ ಸಿಂಗಲ್ಸ್‌ನಲ್ಲಿ ಬೇಸತ್ತಿದ್ದ. ಒಂದು ಪೂರ್ತಿ ಸೀಸನ್ ಬೇರೆಯವರ ಜೊತೆ ಆಡುವಂತಿಲ್ಲ, ಬಹುಮಾನ ಸಮಪಾಲು, ರೂಮು ಒಂದೇ, ಒಬ್ಬನಿಗೆ ಪೆಟ್ಟಾದರೆ ಎರಡು ವಾರ ಇನ್ನೊಬ್ಬ ಕಾಯಬೇಕು ಅಂತ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಬಾಯಿಮಾತಿನಲ್ಲಿ ಆದ ಜೋಡಿಗಳು ಎರಡನೇ ತಿಂಗಳಿಗೆ ಒಡೆದದ್ದನ್ನು ಸಾಕಷ್ಟು ನೋಡಿದ್ದೇನೆ.

ಎಡಗೈಯವನನ್ನು ಆ್ಯಡ್ ಕೋರ್ಟಿನಲ್ಲಿ (ನೆಟ್ ಕಡೆ ಮುಖ ಮಾಡಿದಾಗ ಎಡ ಅರ್ಧ) ನಿಲ್ಲಿಸಬೇಕು ಅನ್ನುವುದು ನಮ್ಮಲ್ಲಿ ಬಹಳ ಜನ ಹೇಳುವ ಮಾತು. ಹೊರಗೆ ಬರುವ ಸರ್ವ್ ಅವನ ಫೋರ್‌ಹ್ಯಾಂಡ್‌ಗೆ ಸಿಗುತ್ತದೆ ಎಂಬ ಲೆಕ್ಕ. ನಾವು ತಿರುಗಿಸಿದೆವು. ಅವನು ಡ್ಯೂಸ್, ಅಂದರೆ ಬಲ ಕಡೆ, ಬಲಗೈಯವನಾದ ನಾನು ಆ್ಯಡ್ ಕಡೆ. ಎರಡೂ ಫೋರ್‌ಹ್ಯಾಂಡ್ ನಡುವೆ ಬಂದವು. "ಹೊರಗಿನ ಸರ್ವ್‌ಗೆ ಇಬ್ಬರೂ ಬ್ಯಾಕ್‌ಹ್ಯಾಂಡ್‌ನಲ್ಲಿ ಸಾಯ್ತೀರಿ" ಎಂದು ಎಚ್ಚರಿಸಿದವರೇ ಹೆಚ್ಚು. ಆದರೆ ನಮ್ಮ ಹಂತದ ಡಬಲ್ಸ್‌ನಲ್ಲಿ ಒತ್ತಡ ಬಂದಾಗ ಯಾರು ಹೊರಗೆ ಸರ್ವ್ ಮಾಡುತ್ತಾರೆ? ನೆಟ್‌ನಲ್ಲಿರುವ ಜೊತೆಗಾರ ನುಗ್ಗಿ ಹೊಡೆಯಲಿ ಅಂತ ಟಿ (ಸರ್ವಿಸ್ ಬಾಕ್ಸಿನ ನಡುಗೆರೆ) ಕಡೆಗೋ ಮೈಮೇಲೋ ಹಾಕುತ್ತಾರೆ. ಅದು ನೇರ ನಮ್ಮ ಫೋರ್‌ಹ್ಯಾಂಡ್‌ಗೆ.

ಇದು ಹೆಚ್ಚು ಫಲ ಕೊಟ್ಟದ್ದು 40-40ರಲ್ಲಿ. 2006ರಿಂದ ಟೂರ್ ಡಬಲ್ಸ್‌ನಲ್ಲಿ ಅಡ್ವಾಂಟೇಜ್ ಇಲ್ಲ. ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ, ಯಾವ ಕಡೆ ರಿಟರ್ನ್ ಎಂದು ಆರಿಸುವುದು ರಿಟರ್ನ್ ಮಾಡುವ ಜೋಡಿ. ನಾನು ಪ್ರತಿ ಮ್ಯಾಚ್ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ: ಯಾರು, ಯಾವ ಕಡೆ, 40-40ರಲ್ಲಿ ಮೊದಲ ಸರ್ವ್ ಎಲ್ಲಿ ಬಿತ್ತು, ವೇಗ ಇಳಿಸಿದನೋ ಇಲ್ಲವೋ. ಈಗ ಇನ್ನೂರಕ್ಕೂ ಹೆಚ್ಚು ಸರ್ವರ್‌ಗಳು ಅದರಲ್ಲಿದ್ದಾರೆ. ಬಲಗೈ ಸರ್ವರ್ ಆದರೆ ಸಾಮಾನ್ಯವಾಗಿ ನಾನು ತೆಗೆದುಕೊಳ್ಳುತ್ತೇನೆ. ಎಡಗೈ ಸರ್ವರ್ ಆದರೆ ಅವನ ಸ್ಲೈಸ್ ಆ್ಯಡ್ ಕೋರ್ಟಿನಿಂದ ನನ್ನನ್ನು ಹೊರಗೆಳೆಯುತ್ತದೆ, ಡ್ಯೂಸ್ ಕಡೆ ಅದೇ ಸ್ಲೈಸ್ ಟಿ ಮೇಲೆ ಬಂದು ನಮ್ಮವನ ಎಡಗೈ ಫೋರ್‌ಹ್ಯಾಂಡ್‌ಗೆ ಸಿಗುತ್ತದೆ. ಹಾಗಾಗಿ ಅವನಿಗೆ ಬಿಡುತ್ತೇನೆ.

ರಿಟರ್ನ್ ಹೊಡೆಯುವುದಲ್ಲ, ತಡೆದು ಕಳಿಸುವುದು. ಬೇಸ್‌ಲೈನಿನಿಂದ ಅರ್ಧ ಹೆಜ್ಜೆ ಒಳಗೆ, ರ‍್ಯಾಕೆಟ್ ಹಿಂದೆ ಎಳೆಯದೆ, ಮುಂದೆ ನುಗ್ಗಿ ಬರುತ್ತಿರುವ ಸರ್ವರ್‌ನ ಪಾದದ ಹತ್ತಿರ. ಅವನು ಬಗ್ಗಿ ಮೇಲೆತ್ತಿ ಆಡಲೇಬೇಕು, ಅಷ್ಟರಲ್ಲಿ ನಾವಿಬ್ಬರೂ ನೆಟ್‌ನಲ್ಲಿರುತ್ತೇವೆ. ಸರ್ವರ್ ಚೆಂಡನ್ನು ಮೇಲೆಸೆಯುವವರೆಗೆ ನಾನು ನಿಲ್ಲುವ ಜಾಗ ಬೇರೆ, ಯಾವ ಗಳಿಗೆಯಲ್ಲಿ ಜರುಗುತ್ತೇನೆ ಎನ್ನುವುದರಲ್ಲೇ ಅರ್ಧ ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ನಾಲ್ಕೈದು ಸೀಸನ್ ಆಡುವುದಿದೆ. ನಮ್ಮ ಲೆಕ್ಕದ ಪ್ರಕಾರ ಕಳೆದ ವರ್ಷ ರಿಟರ್ನ್ ಮಾಡುವಾಗ 40-40ರ ಪಾಯಿಂಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚೇ ಗೆದ್ದಿದ್ದೇವೆ. ಈ ಹಂತದಲ್ಲಿ ಅಷ್ಟು ಗೆಲ್ಲುವ ಜೋಡಿ ಬೆರಳೆಣಿಕೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಪ್ರಾಕ್ಟೀಸ್‌ನಲ್ಲಿ ಸೆಟ್ ಆಡುವುದನ್ನೇ ಬಿಟ್ಟೆವು. ಬರೀ ಹತ್ತು ಪಾಯಿಂಟಿನ ಟೈಬ್ರೇಕ್, ಅದೂ 5-8ರಿಂದ ಶುರು, ಒಂದೇ ಸರ್ವ್. ಎರಡನೇ ಸರ್ವ್‌ನ ಹೆದರಿಕೆ ಹೋಗಲು ಎರಡು ತಿಂಗಳು ಹಿಡಿಯಿತು.

ನಡುವೆ ಗಟ್ಟಿಂಗ್ ಹುಚ್ಚೂ ಹತ್ತಿತು. 1997ರಲ್ಲಿ ಬ್ರೆಜಿಲ್‌ನ ಕುಯರ್ಟನ್ ಪಾಲಿಯೆಸ್ಟರ್ ಗಟ್ ಹಾಕಿಕೊಂಡು ಫ್ರೆಂಚ್ ಓಪನ್ ಗೆದ್ದಮೇಲೆ ಎಲ್ಲರೂ ಪಾಲಿ. ಆದರೆ ತಡೆದು ಆಡುವ ರಿಟರ್ನ್‌ಗೂ ವಾಲಿಗೂ ನನಗೆ ಪೂರ್ತಿ ಪಾಲಿ ಹಲಗೆಯಂತೆ ಅನ್ನಿಸುತ್ತಿತ್ತು. ಉದ್ದಕ್ಕೆ ಪ್ರಾಣಿಯ ಕರುಳಿನ ನ್ಯಾಚುರಲ್ ಗಟ್, ಅಡ್ಡಕ್ಕೆ ಪಾಲಿ ಹಾಕಿ ನೋಡಿದೆ, ಚೆಂಡು ಕೈ ಹೇಳಿದ ಹಾಗೆ ಕೇಳಿತು, ಜೇಬು ಕೇಳಲಿಲ್ಲ. ಕೊನೆಗೆ ಉದ್ದಕ್ಕೆ ಸಣ್ಣ ಎಳೆಗಳನ್ನು ಹೊಸೆದ ಮೆತ್ತನೆಯ ಮಲ್ಟಿಫಿಲಮೆಂಟ್ 52 ಪೌಂಡ್ ಬಿಗಿತಕ್ಕೆ, ಅಡ್ಡಕ್ಕೆ ಪಾಲಿ 48ಕ್ಕೆ ನಿಂತೆ. ರ‍್ಯಾಕೆಟ್ ತಲೆಯ ಎರಡೂ ಬದಿಗೆ ಎರಡೆರಡು ಗ್ರಾಂ ಸೀಸದ ಟೇಪ್ ಅಂಟಿಸಿದಮೇಲೆ ಜೋರಿನ ಸರ್ವ್‌ಗೆ ರ‍್ಯಾಕೆಟ್ ತಿರುಗುವುದು ನಿಂತಿತು. ಏಳೆಂಟು ಕೆಜಿಯ ಪೋರ್ಟಬಲ್ ಮಷಿನ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. 200 ಮೀಟರ್ ರೀಲ್‌ನಲ್ಲಿ ಹದಿನಾರು ರ‍್ಯಾಕೆಟ್ ಆಗುತ್ತವೆ. ಟೂರ್ನಿಯ ಸ್ಟ್ರಿಂಗರ್ ಕೂಲಿಯೇ 15-20 ಯೂರೋ ಇರುವಾಗ ನಾನು ಬೇರೆ ಆಟಗಾರರಿಗೆ ಹತ್ತಕ್ಕೆ ಕಟ್ಟಿಕೊಡುತ್ತೇನೆ. ಮಷಿನ್ನಿನ ದುಡ್ಡು ಮೂರು ತಿಂಗಳಲ್ಲೇ ಹುಟ್ಟಿತು.

ಇನ್ನೊಂದು ಆಧಾರ ಜರ್ಮನಿಯ ಕ್ಲಬ್ ಲೀಗ್. ಮೇಯಿಂದ ಜುಲೈವರೆಗೆ ವಾರಾಂತ್ಯದ ಮ್ಯಾಚ್‌ಗಳು. ಕೆಳಗಿನ ಲೀಗ್‌ಗಳಲ್ಲಿ ಆರು ಸಿಂಗಲ್ಸ್, ಮೂರು ಡಬಲ್ಸ್, ಒಂಬತ್ತರಲ್ಲಿ ಮೂರು ಪಾಯಿಂಟ್ ಡಬಲ್ಸ್‌ನದ್ದೇ. ಸಿಂಗಲ್ಸ್ 3-3 ಆದರೆ ಫಲಿತಾಂಶ ಪೂರ್ತಿ ನಮ್ಮ ಕೈಯಲ್ಲಿ. ಮೊದಲು ಆಡಿದ ಕ್ಲಬ್ ಕೊನೆಯ ಎರಡು ವಾರದ ದುಡ್ಡು ಕೊಡಲೇ ಇಲ್ಲ. ಈಗಿನವರು ಮ್ಯಾಚಿಗೆ ಐನೂರು-ಆರುನೂರು ಯೂರೋ, ರೂಮು ಕೊಡುತ್ತಾರೆ. ಮಾತುಕತೆ ಚಳಿಗಾಲಕ್ಕೆ ಮುಂಚೆಯೇ ಮುಗಿಸಿಕೊಳ್ಳಿ, ವಸಂತದಲ್ಲಿ ಫೋನ್ ಮಾಡುವವರಿಗೆ ಉಳಿದಬಳಿದದ್ದು.

ಒಟ್ಟು ಲೆಕ್ಕ ಹೀಗೆ: ಬಹುಮಾನ ನನ್ನ ಪಾಲು ಹದಿನಾಲ್ಕು ಸಾವಿರ ಡಾಲರ್, ಕ್ಲಬ್‌ನಿಂದ ಎಂಟೊಂಬತ್ತು, ಗಟ್ಟಿಂಗ್‌ನಿಂದ ಎರಡೂವರೆ. ಖರ್ಚು ಇಪ್ಪತ್ತನಾಲ್ಕು. ಕೋಚ್ ಜೊತೆಗೆ ಬರುವುದಿಲ್ಲ, ವೀಡಿಯೊ ಕಳಿಸುತ್ತೇನೆ, ಸರ್ ನೋಡಿ ಹೇಳುತ್ತಾರೆ. ನನ್ನ ಡಬಲ್ಸ್ ರ‍್ಯಾಂಕ್ ಇನ್ನೂರರೊಳಗೆ ಬಂದಿದೆ, ಜೊತೆಗಾರನದ್ದು ಸ್ವಲ್ಪ ಹಿಂದೆ. ಈ ವರ್ಷ 15 ಸಾವಿರದ ಟೂರ್ನಿಗಳನ್ನು ಪೂರ್ತಿ ಕೈಬಿಟ್ಟು ಚಾಲೆಂಜರ್ 75 ಮತ್ತು 100ಕ್ಕೇ (ಗೆದ್ದವರಿಗೆ ಸಿಗುವ ಪಾಯಿಂಟ್ ಅದು) ಹೆಸರು ಕೊಡುತ್ತಿದ್ದೇವೆ. ಮೊದಲ ಸುತ್ತಿನಲ್ಲಿ ಸೋತರೂ ರೂಮಿನ ಬಿಲ್ ಕಟ್ಟಬೇಕಿಲ್ಲವಲ್ಲ.