ಉಬ್ಬರ ನೋಡಿ ಹೊರಡಿ: ಅಳಿವೆ, ಕಾಂಡ್ಲಾ ಕಾಡು ಸುತ್ತುವವರಿಗೆ

ನಸುಕಿನಲ್ಲಿ ಹೋದರೆ ಹಕ್ಕಿ ಸಿಗುತ್ತವೆ ಎನ್ನುವುದು ಒಳನಾಡಿನ ಕಾಡಿನ ಲೆಕ್ಕ. ನದಿ ಕಡಲು ಸೇರುವ ಅಳಿವೆಯ ಕೆಸರು ಬಯಲಿಗೆ, ಮ್ಯಾಂಗ್ರೋವ್ ಅಂದರೆ ಕಾಂಡ್ಲಾ ಕಾಡಿಗೆ ಅದು ಹೊಂದುವುದಿಲ್ಲ. ಅಲ್ಲಿ ಗಡಿಯಾರ ಸಮುದ್ರದ್ದು. ಆದ್ದರಿಂದ ಬೇರೆಲ್ಲಕ್ಕಿಂತ ಮೊದಲು ಆ ದಿನದ ಉಬ್ಬರ-ಇಳಿತದ ಪಟ್ಟಿ ನೋಡಿ.

ಹೆಚ್ಚಿನ ಕಡಲತೀರಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಸಮಯ ನಾಳೆಗೆ ಹತ್ತಿರಹತ್ತಿರ 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬ ಏರಿ ತುಂಬ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಪಟ್ಟಿಯಲ್ಲಿರುವುದು ಸಾಮಾನ್ಯವಾಗಿ ಬಂದರಿನ ಸಮಯ. ಅಳಿವೆಯೊಳಗೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ಕಡಲ ಕಡೆಯಿಂದ ಜೋರು ಗಾಳಿ ಬೀಸುತ್ತಿದ್ದರೆ ನೀರು ಪಟ್ಟಿಗಿಂತ ಮೇಲೂ ಬರಬಹುದು.

ದಡದ ಹಕ್ಕಿಗಳಿಗೆ ಏರುವ ನೀರೇ ಒಳ್ಳೆಯದು. ಇಳಿತದಲ್ಲಿ ಅವು ದೂರದ ಕೆಸರಿನಲ್ಲಿ ಚುಕ್ಕಿಗಳಂತೆ ಚದುರಿರುತ್ತವೆ. ನೀರು ಏರುತ್ತ ಬಂದಂತೆ ಮೇಯುವ ಜಾಗ ಕಿರಿದಾಗಿ ತಾವಾಗಿಯೇ ನಿಮ್ಮತ್ತ ಸರಿಯುತ್ತವೆ. 10 ಗಂಟೆಗೆ ಪೂರ್ಣ ಉಬ್ಬರವಿದ್ದರೆ 8ಕ್ಕೇ ಹೋಗಿ, ಬಿಸಿಲು ಬೆನ್ನಿಗೆ ಬರುವಂತೆ ಕುಳಿತುಬಿಡಿ. 8x42, ಅಂದರೆ 8 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ ದುರ್ಬೀನು ಸಾಕು. ಉತ್ತರದ ಶೀತಪ್ರದೇಶದಿಂದ ವಲಸೆ ಬರುವ ಹಕ್ಕಿಗಳನ್ನು ನೋಡಬೇಕೆಂದರೆ ಅಕ್ಟೋಬರ್‌ನಿಂದ ಮಾರ್ಚ್ ಸರಿಯಾದ ಕಾಲ.

ಮೇಯುತ್ತಿದ್ದವು ತಲೆ ಎತ್ತಿ ನಿಂತರೆ, ಗುಂಪು ಒಂದೇ ದಿಕ್ಕಿಗೆ ನಡೆಯತೊಡಗಿದರೆ ನೀವು ಆಗಲೇ ಹತ್ತಿರವಾದಿರಿ ಎಂದರ್ಥ. ಅಲ್ಲೇ ನಿಲ್ಲಿ, ಹಿಂದೆ ಸರಿಯಿರಿ. ಫೋಟೊಗಾಗಿ ದಯವಿಟ್ಟು ಹಾರಿಸಬೇಡಿ. ಸಾವಿರಾರು ಕಿಲೋಮೀಟರ್ ಪಯಣಕ್ಕೆ ಕೂಡಿಟ್ಟ ಕೊಬ್ಬು ಅಂಥ ಪ್ರತಿ ಹಾರಾಟದಲ್ಲೂ ಕರಗುತ್ತದೆ.

ಏಡಿಗಳ ಲೆಕ್ಕ ತಿರುಗಾಮುರುಗಾ. ಅವಕ್ಕೆ ಇಳಿತ ಬೇಕು. ಫಿಡ್ಲರ್ ಏಡಿಯ ಬಿಲದ ಹತ್ತಿರ ಹೋದೊಡನೆ ಎಲ್ಲವೂ ಮಾಯವಾಗುತ್ತವೆ, ಜನ ಬೇಸರಪಟ್ಟು ಹೊರಟುಬಿಡುತ್ತಾರೆ. ಅಲ್ಲೇ ತಪ್ಪುವುದು. ತನ್ನ ಕಣ್ಣಿನ ಮಟ್ಟಕ್ಕಿಂತ ಮೇಲೆ ಅಲುಗುವುದೆಲ್ಲ ಏಡಿಗೆ ಶತ್ರು. ಆದ್ದರಿಂದ ನಿಲ್ಲಬೇಡಿ, ಕುಳಿತು ತಗ್ಗಿ, 10 ನಿಮಿಷ ಅಲುಗದಿರಿ. ಮೊದಲು ಕಡ್ಡಿಯಂಥ ಎರಡು ಕಣ್ಣು ಮೇಲೇಳುತ್ತವೆ, ಆಮೇಲೆ ಮೈ. ಗಂಡಿನ ಒಂದು ಕೊಂಡಿ ಮೈಯಷ್ಟೇ ದೊಡ್ಡದು. ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ, ತಿನ್ನುವುದಕ್ಕೆ ಚಿಕ್ಕ ಕೊಂಡಿಯೊಂದೇ. ಹೆಣ್ಣು ಎರಡು ಕೊಂಡಿಗಳಿಂದಲೂ ಮಣ್ಣು ಬಾಯಿಗಿಟ್ಟು, ಸಾರ ಹೀರಿ, ಉಳಿದದ್ದನ್ನು ಉಂಡೆ ಮಾಡಿ ಬದಿಗಿಡುತ್ತದೆ. ಬಿಲದ ಸುತ್ತ ಕಾಣುವ ಸಣ್ಣ ಮಣ್ಣುಂಡೆಗಳು ಅವೇ.

ಮೊಸಳೆ ಇರುವ ಅಳಿವೆಯಾದರೆ ಹೀಗೆ ನೀರಂಚಿನಲ್ಲಿ ಕೂರುವಂತೆಯೇ ಇಲ್ಲ. ಮರದ ಕಾಲುದಾರಿಯ ಮೇಲಿಂದಲೇ ನೋಡಿ, ಎಚ್ಚರಿಕೆಯ ಫಲಕವನ್ನು ಅಕ್ಷರಶಃ ಪಾಲಿಸಿ.

ಕಾಂಡ್ಲಾ ಮರಗಳ ಬುಡದಲ್ಲಿ ಬೆರಳಿನಂತೆ ಮೇಲೆದ್ದಿರುವುದು ಉಸಿರಾಟದ ಬೇರು. ಕೆಸರಿನೊಳಗೆ ಗಾಳಿಯಿಲ್ಲದ್ದರಿಂದ ಮರ ಅದರ ಮೂಲಕ ಉಸಿರಾಡುತ್ತದೆ, ಕಾಲಿಟ್ಟರೆ ಮುರಿಯುತ್ತದೆ. ಕೆಲವು ಜಾತಿಗಳ ಎಲೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ, ಮರ ಹೊರಹಾಕಿದ ಉಪ್ಪಿನ ಹರಳು ಮಿನುಗುತ್ತದೆ.

ಕೆಸರಿಗೆ ಇಳಿಯಲೇಬೇಕಾದರೆ ಬಿಗಿಯಾಗಿ ಲೇಸ್ ಕಟ್ಟಿದ ಹಳೆಯ ಕ್ಯಾನ್ವಾಸ್ ಶೂ ಹಾಕಿ. ಚಪ್ಪಲಿ ಕೆಸರಲ್ಲೇ ಉಳಿಯುತ್ತದೆ, ಗಂಬೂಟಿನೊಳಗೆ ನೀರು ತುಂಬುತ್ತದೆ, ಬರಿಗಾಲನ್ನು ಚಿಪ್ಪು ಕೊಯ್ಯುತ್ತದೆ. ನೀರು ಇನ್ನೂ ಇಳಿಯುತ್ತಿರುವಾಗ ಹೋಗಿ, ತೀರಾ ಇಳಿದ ಹೊತ್ತಿಗೆ ವಾಪಸಾಗಿ. ಒಟ್ಟು ಏರಿಕೆ 3 ಮೀಟರ್ ಇದ್ದರೆ ಮೊದಲ ಗಂಟೆಯಲ್ಲಿ ಏರುವುದು 25 ಸೆಂಟಿಮೀಟರ್‌ನಷ್ಟೇ. ಮೂರನೆಯ, ನಾಲ್ಕನೆಯ ಗಂಟೆಗಳಲ್ಲಿ ತಲಾ 75. ಆ ಮೊದಲ ನಿಧಾನವನ್ನು ನಂಬಿದವರೇ ಸಿಕ್ಕಿಬೀಳುವುದು, ಅದೂ ಮುಂದಿನ ನೀರಿಗಲ್ಲ, ಬೆನ್ನ ಹಿಂದೆ ಸದ್ದಿಲ್ಲದೆ ತುಂಬಿದ ಕಾಲುವೆಗೆ.

ಕಾಲು ಹೂತರೆ ಜಗ್ಗಬೇಡಿ, ಜಗ್ಗಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಹಿಂದಕ್ಕೆ ಒರಗಿ ಕುಳಿತು ಭಾರ ಹರಡಿ, ಪಾದವನ್ನು ಮೆಲ್ಲನೆ ಆಡಿಸಿ; ಸಂದಿಯಲ್ಲಿ ನೀರು ನುಗ್ಗಿದಾಗ ಕೆಸರು ಬಿಡುತ್ತದೆ. ಒಂದೊಂದೇ ಕಾಲು ಬಿಡಿಸಿಕೊಂಡು, ಬಂದ ದಾರಿಯಲ್ಲೇ ತೆವಳಿ ಹಿಂತಿರುಗಿ.

ಮನೆಗೆ ಬಂದಮೇಲೆ ಕ್ಯಾಮೆರಾ, ದುರ್ಬೀನಿನ ಗಾಜನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಕಣ ಗೀರು ಹಾಕುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮೊದಲು ಉಪ್ಪು ತೆಗೆದು, ಆಮೇಲೆ ಒರೆಸಿ.