ಬೆಂಡಿನ ಗಾಳ: ಶುರುವಿನಲ್ಲೇ ಕೈಗೆ ಹತ್ತಬೇಕಾದ ಅಭ್ಯಾಸಗಳು

ಬೆಂಡು ಮುಳುಗಿದರೆ ಮೀನು ಕಚ್ಚಿದೆ ಎನ್ನುವುದು ಎಲ್ಲರಿಗೂ ಗೊತ್ತು. ನೀರು ಎಷ್ಟು ಆಳವಿದೆ, ಎರೆ ನೆಲ ಮುಟ್ಟಿದೆಯೋ ನಡುನೀರಲ್ಲಿ ನೇತಾಡುತ್ತಿದೆಯೋ, ಗಾಳಿ ದಾರವನ್ನು ಯಾವ ಕಡೆ ಎಳೆಯುತ್ತಿದೆ ಎನ್ನುವುದನ್ನೂ ಅದೇ ಬೆಂಡು ಹೇಳುತ್ತದೆ. ಹೊಸಬರು ಇಡೀ ದಿನ ಕೂತು ಬರಿಗೈಲಿ ಏಳುವ ದಿನಗಳಲ್ಲಿ ಬಹುಪಾಲು ನೀರಲ್ಲಿ ಮೀನು ಇದ್ದೇ ಇರುತ್ತದೆ. ಎರೆ ಮಾತ್ರ ಮೀನು ಮೇಯುವ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲಿರುತ್ತದೆ, ಇಲ್ಲವೇ ಬೆಂಡಿನ ತುದಿ ಎರಡು ಬೆರಳು ಎದ್ದು ನಿಂತು ಕಚ್ಚಿದ್ದೇ ಗೊತ್ತಾಗುವುದಿಲ್ಲ. ಎರಡೂ ಹತ್ತು ನಿಮಿಷದಲ್ಲಿ ಸರಿಹೋಗುವ ತಪ್ಪುಗಳು.

ಸಲಕರಣೆ, ಬೇಕಾದಷ್ಟು ಮಾತ್ರ

ರಾಡ್ 3.6ರಿಂದ 4 ಮೀಟರ್ ಉದ್ದವಿರಲಿ. ಗಿಡ್ಡ ರಾಡ್ ಹಗುರ ಅನ್ನಿಸುತ್ತದೆ, ಆದರೆ ಮೀನು ಕಚ್ಚಿದಾಗ ನೀರಲ್ಲಿ ಸಡಿಲವಾಗಿ ಬಿದ್ದಿರುವ ದಾರವನ್ನು ಒಂದೇ ಬೀಸಿಗೆ ಎತ್ತಿ ಬಿಗಿಮಾಡಲು ಉದ್ದವೇ ಬೇಕು. ರೀಲ್ 2000 ಅಥವಾ 2500 ಅಳತೆಯದು ಸಾಕು. ಸ್ಪೂಲಿನ, ಅಂದರೆ ರೀಲಿನಲ್ಲಿ ದಾರ ಸುತ್ತುವ ಉರುಳೆಯ, ಅಂಚಿಗಿಂತ 1–2 ಮಿ.ಮೀ. ಕೆಳಗಿನವರೆಗೆ ದಾರ ತುಂಬಿ. ಕಮ್ಮಿ ತುಂಬಿದರೆ ದಾರ ಅಂಚಿಗೆ ಉಜ್ಜಿಕೊಂಡು ಎಸೆತ ಗಿಡ್ಡವಾಗುತ್ತದೆ, ತುಂಬಿ ತುಳುಕಿದರೆ ಸುರುಳಿ ಸುರುಳಿಯಾಗಿ ಒಮ್ಮೆಲೇ ಜಾರಿ ಗಂಟಾಗುತ್ತದೆ.

ಮುಖ್ಯ ದಾರ 0.16–0.18 ಮಿ.ಮೀ. ನೈಲಾನ್. ಕೊಕ್ಕೆ ಕಟ್ಟುವ ಕೊನೆಯ 30–40 ಸೆಂ.ಮೀ. ದಾರ ಅದಕ್ಕಿಂತ ತೆಳು, 0.12–0.14 ಮಿ.ಮೀ. ಇರಬೇಕು. ಕೊಕ್ಕೆ ಬುಡದಲ್ಲಿ ಬೇರಿಗೆ ಸಿಕ್ಕಿ ತುಂಡಾದರೆ ಆ ಚಿಕ್ಕ ತುಂಡು ಮಾತ್ರ ಹೋಗಿ ಬೆಂಡು, ಭಾರಕ್ಕೆಂದು ದಾರಕ್ಕೆ ಕಚ್ಚಿಸಿದ ಗುಂಡು ಎಲ್ಲ ಉಳಿಯುತ್ತವೆ. ದೊಡ್ಡ ಮೀನಿರುವ ಜಾಗವಾದರೆ ಎರಡನ್ನೂ ಒಂದೊಂದು ಮೆಟ್ಟಿಲು ದಪ್ಪ ಮಾಡಿ, ನಡುವಿನ ವ್ಯತ್ಯಾಸ ಮಾತ್ರ ಹಾಗೇ ಇರಲಿ.

ಕೊಕ್ಕೆಯ ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಎರೆಹುಳುವಿಗೆ 10 ಅಥವಾ 12, ಸ್ವೀಟ್ ಕಾರ್ನ್ ಕಾಳಿಗೆ 12–14, ಬ್ರೆಡ್ಡಿನ ಚೂರಿಗೆ 14, ಸಣ್ಣ ಹುಳುಗಳಿಗೆ 16–18. ಎದುರುಮುಳ್ಳಿಲ್ಲದ ಕೊಕ್ಕೆಯನ್ನೇ ಮೊದಲ ದಿನದಿಂದ ಬಳಸಿ. ದಾರ ಬಿಗಿಯಾಗಿಟ್ಟರೆ ಮೀನು ತಪ್ಪುವುದಿಲ್ಲ. ತಪ್ಪಿದರೆ ಎಲ್ಲೋ ದಾರ ಸಡಿಲ ಬಿಟ್ಟಿದ್ದೀರಿ ಎಂದು ಆಗಲೇ ತಿಳಿಯುತ್ತದೆ. ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ, ಅದೂ ಒಂದಲ್ಲ ಒಂದು ದಿನ ಆಗುತ್ತದೆ.

ಗಂಟು ಯಾವುದೇ ಇರಲಿ, ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ನೈಲಾನನ್ನು ಎಳೆದರೆ ಉಜ್ಜಿ ಬಿಸಿಯಾಗಿ ಗಂಟಿನ ಜಾಗದಲ್ಲೇ ಸೊರಗುತ್ತದೆ. ಗುಂಡುಗಳನ್ನು ದಾರದ ಮೇಲೆ ಸರಿಸುವಾಗಲೂ ಇದೇ ಮಾತು.

ಗುಂಡು ಕಚ್ಚಿಸುವುದು

ನಿಂತ ನೀರಿಗೆ ವ್ಯಾಗ್ಲರ್ ಬೆಂಡು, ಅಂದರೆ ಬುಡದಲ್ಲಿ ಮಾತ್ರ ದಾರಕ್ಕೆ ಸಿಕ್ಕಿಸುವ ಉದ್ದ ಬೆಂಡು, ಕಲಿಯುವವರಿಗೆ ತಕ್ಕದ್ದು. ಅದರ ಮೈಮೇಲೆ 2 ಎಎಎ, 3 ಎಎಎ ಎಂದು ಬರೆದಿರುತ್ತದೆ. ಎಎಎ ಎನ್ನುವುದು ಗುಂಡಿನ ಒಂದು ಅಳತೆಯ ಹೆಸರು. ಅಷ್ಟು ಭಾರ ಹೊತ್ತರೆ ಬೆಂಡು ತುದಿಯವರೆಗೆ ನೀರಿಗಿಳಿಯುತ್ತದೆ ಎಂದರ್ಥ. ಲೆಕ್ಕ ನೆನಪಿಡುವುದು ಸುಲಭ: ಒಂದು ಎಎಎ ಗುಂಡು ಸುಮಾರು 0.8 ಗ್ರಾಂ, ಬಿಬಿ ಅದರ ಅರ್ಧ ಅಂದರೆ 0.4, ನಂ. 4 ಅದರರ್ಧ 0.2, ನಂ. 8 ಸುಮಾರು 0.06 ಗ್ರಾಂ.

15–20 ಮೀಟರ್ ದೂರಕ್ಕೆ ಎಸೆಯಲು 3 ಎಎಎ ಬೆಂಡು ಸಾಕು. ಅದರ 2.4 ಗ್ರಾಂ ಭಾರವನ್ನು ಹೀಗೆ ಹಂಚಿ: ಬೆಂಡಿನ ಬುಡದ ಮೇಲೊಂದು, ಕೆಳಗೊಂದು ಎಎಎ, ಕೆಳಗಿನದರ ಪಕ್ಕಕ್ಕೆ ಒಂದು ಬಿಬಿ. ಅಲ್ಲಿಗೆ 2 ಗ್ರಾಂ ಆಯಿತು. ಬೆಂಡು ಜಾರದಂತೆ ಹಿಡಿಯುವುದೂ ಇವೇ, ಎಸೆತಕ್ಕೆ ತೂಕ ಕೊಡುವುದೂ ಇವೇ. ಉಳಿದದ್ದರಲ್ಲಿ ಒಂದು ನಂ. 4 ಬೆಂಡಿಗೂ ಕೊಕ್ಕೆಗೂ ನಡುಮಧ್ಯದಲ್ಲಿ, ಅದರ ಕೆಳಗೆ ಮೂರು ನಂ. 8. ಕೊನೆಯ ನಂ. 8 ಕೊಕ್ಕೆಯಿಂದ 15–20 ಸೆಂ.ಮೀ. ಮೇಲಿರಲಿ. ಒಟ್ಟು 2.4ರ ಹತ್ತಿರಕ್ಕೆ ಬರುತ್ತದೆ, ಮಿಕ್ಕಿದ್ದನ್ನು ನೀರಲ್ಲಿ ನೋಡಿ ಸರಿಮಾಡಿ.

ಐದರಲ್ಲಿ ನಾಲ್ಕು ಪಾಲು ಭಾರ ಬೆಂಡಿನ ಬಳಿಯೇ ಇರಬೇಕು ಎಂಬುದಕ್ಕೆ ಕಾರಣವಿದೆ. ಭಾರ ಬೆಂಡಿನಲ್ಲಿದ್ದರೆ ಎಸೆದಾಗ ಬೆಂಡು ಮುಂದೆ ಹಾರಿ, ದಾರ ಹಿಂದೆ ನೇರವಾಗಿ ಹೋಗುತ್ತದೆ. ನಡುದಾರದಲ್ಲಿ ದೊಡ್ಡ ಗುಂಡು ಸಿಕ್ಕಿಸಿದರೆ ಗುಂಡು ಬೆಂಡನ್ನು ಹಿಂದೆ ಹಾಕಿ ಮುಂದೆ ಹೋಗುತ್ತದೆ, ಎರಡೂ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಎಸೆದೆಸೆದಂತೆ ಗಂಟಾಗುತ್ತಿದ್ದರೆ ಕೈಯನ್ನು ಬಯ್ಯುವ ಮೊದಲು ಗುಂಡಿನ ಜಾಗ ನೋಡಿ. ಸೀಸದ ಗುಂಡು ನೀರುಹಕ್ಕಿಗಳಿಗೆ ವಿಷ. ಟಂಗ್‌ಸ್ಟನ್ ಅಥವಾ ತವರದ್ದನ್ನು ತೆಗೆದುಕೊಳ್ಳಿ.

ಕೊನೆಗೆ ನೀರಿನ ಮೇಲೆ ಕಾಣಬೇಕಾದದ್ದು ಬೆಂಡಿನ ತುದಿಯ 5 ಮಿ.ಮೀ.ನಿಂದ 1 ಸೆಂ.ಮೀ. ಮಾತ್ರ. ಕಾಣುವ ಭಾಗವನ್ನೆಲ್ಲ ಮೀನು ಕೆಳಗೆ ಎಳೆಯಬೇಕು. ಎದ್ದು ನಿಂತಷ್ಟೂ ಅದಕ್ಕೆ ತಡೆ ಹೆಚ್ಚು, ಅನುಮಾನ ಬಂದ ಮೀನು ಎರೆಯನ್ನು ಉಗುಳಿ ಹೋಗುತ್ತದೆ. ಅಲೆ ಇದ್ದ ದಿನ ಅರ್ಧ ಸೆಂ.ಮೀ. ಹೆಚ್ಚು ಬಿಡಬಹುದು, ಅದಕ್ಕಿಂತ ಹೆಚ್ಚೇನೂ ಬೇಡ.

ಆಳ ಅಳೆಯದೆ ಎರೆ ಸಿಕ್ಕಿಸಬೇಡಿ

ಇದೊಂದನ್ನು ಬಿಡದೆ ಮಾಡುವವರಿಗೂ ಮಾಡದವರಿಗೂ ಸಿಗುವ ಮೀನಿನಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆ. ಬೇಕಾದ್ದು ಪ್ಲಮೆಟ್ ಎನ್ನುವ, ಕೊಕ್ಕೆ ಚುಚ್ಚಿಡಲು ತಳದಲ್ಲಿ ಕಾರ್ಕ್ ಇರುವ ಪುಟ್ಟ ತೂಕ. ಸಲಕರಣೆ ಪೆಟ್ಟಿಗೆಯಲ್ಲಿ ಇದಕ್ಕಿಂತ ಅಗ್ಗದ್ದು ಕಮ್ಮಿ, ಇದರಷ್ಟು ಮೂಲೆಗೆ ಬೀಳುವುದೂ ಇನ್ನೊಂದಿಲ್ಲ.

ಬೆಂಡಿನ ಬುಡದ ಗುಂಡುಗಳಾದ ಮೇಲೆ ಬೆಂಡನ್ನು ಅಂದಾಜಿನ ಆಳಕ್ಕೆ ಸರಿಸಿ, ಪ್ಲಮೆಟ್ ಸಿಕ್ಕಿಸಿ, ಮೀನು ಹಿಡಿಯಬೇಕೆಂದಿರುವ ಜಾಗಕ್ಕೇ ಮೆಲ್ಲಗೆ ಹಾಕಿ. ತೂಕ ನೆಲ ಮುಟ್ಟಿದ ಮೇಲೆ ದಾರ ಬಿಗಿಮಾಡಿ. ಬೆಂಡು ಪೂರ್ತಿ ಮುಳುಗಿ ಕಾಣದೆ ಹೋದರೆ ಆಳ ಕಮ್ಮಿ ಇಟ್ಟಿದ್ದೀರಿ, ಬೆಂಡನ್ನು ಕೊಕ್ಕೆಯಿಂದ ದೂರ ಸರಿಸಿ. ಎತ್ತರಕ್ಕೆ ಎದ್ದು ನಿಂತರೆ ಹೆಚ್ಚಾಗಿದೆ, ಹತ್ತಿರ ತನ್ನಿ. ತುದಿ ಮಾತ್ರ ಕಂಡರೆ ಬೆಂಡಿನಿಂದ ಕೊಕ್ಕೆಗಿರುವ ದೂರವೇ ನೀರಿನ ಆಳ.

ಒಂದೇ ಕಡೆ ಅಳೆದು ನಿಲ್ಲಿಸಬೇಡಿ. ಎಡ, ಬಲ, ಒಂದು ಮೀಟರ್ ಮುಂದೆ, ಹಿಂದೆ ಹೀಗೆ ಐದಾರು ಕಡೆ ಹಾಕಿದರೆ ನೆಲದ ನಕ್ಷೆ ಮನಸ್ಸಿನಲ್ಲಿ ಮೂಡುತ್ತದೆ. ದಡದಿಂದ ಇಳಿಜಾರು ಮುಗಿದು ನೆಲ ಸಮವಾಗುವ ಬುಡ ಸಿಕ್ಕರೆ ಅಲ್ಲಿಂದಲೇ ಶುರುಮಾಡಿ. ಉರುಳಿ ಬರುವ ಆಹಾರವೆಲ್ಲ ಅಲ್ಲೇ ನಿಲ್ಲುತ್ತದೆ. ಇಳಿಜಾರಿನ ಮೇಲೇ ಎರೆ ಇಟ್ಟರೆ ಪ್ರತಿ ಎಸೆತಕ್ಕೂ ಆಳ ಬೇರೆ, ಹಾಕಿದ ಮೇವೂ ಕೆಳಗೆ ಜಾರಿ ಹೋಗುತ್ತದೆ.

ಅಳತೆ ಸಿಕ್ಕ ಕೂಡಲೇ ಕೊಕ್ಕೆಯನ್ನು ರೀಲಿನ ಬುಡಕ್ಕೆ ಹಿಡಿದು ದಾರವನ್ನು ರಾಡ್ ಉದ್ದಕ್ಕೂ ಬಿಗಿಯಾಗಿ ಚಾಚಿ. ಬೆಂಡು ಎಲ್ಲಿಗೆ ಬಂತೋ ಅಲ್ಲಿ ರಾಡ್ ಮೇಲೆ ಬಿಳಿ ಬಣ್ಣದ ಚುಕ್ಕೆ ಇಡಿ. ಮಧ್ಯಾಹ್ನ ದಾರ ತುಂಡಾಗಿ ಎಲ್ಲ ಹೊಸದಾಗಿ ಕಟ್ಟಬೇಕಾದಾಗ ಮತ್ತೆ ಅಳೆಯುವ ಕೆಲಸವಿಲ್ಲ.

ಮೊದಲ ಎಸೆತಗಳಿಗೆ ಎರೆ ನೆಲವನ್ನು ಮುಟ್ಟಿಯೂ ಮುಟ್ಟದಂತೆ ಇರಲಿ. ಬೆಂಡು ಗಾಳಿಗೆ ತೇಲಿಹೋಗುತ್ತಿದ್ದರೆ 5–10 ಸೆಂ.ಮೀ. ಹೆಚ್ಚು ಆಳ ಕೊಡಿ, ಎರೆ ನೆಲಕ್ಕೆ ಒರಗಿ ಲಂಗರಿನಂತೆ ಹಿಡಿಯುತ್ತದೆ.

ಎಸೆತ, ಆಮೇಲೆ ದಾರ ಮುಳುಗಿಸುವುದು

ಮೊದಲು ತಲೆಯ ಮೇಲೆ ನೋಡಿ, ಆಮೇಲೆ ಹಿಂದೆ ನೋಡಿ. ಕಾರ್ಬನ್ ರಾಡ್ ವಿದ್ಯುತ್ತನ್ನು ಹರಿಸುತ್ತದೆ. ಕರೆಂಟ್ ತಂತಿಯ ಕೆಳಗೆ ಅಥವಾ ಹತ್ತಿರದಲ್ಲಿ ರಾಡ್ ಜೋಡಿಸಲೂ ಬಾರದು, ಎತ್ತಿಕೊಂಡು ನಡೆಯಲೂ ಬಾರದು. ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಅಲ್ಲಿಂದ ಹೊರಡಿ.

ಬೆಂಡು ರಾಡ್ ತುದಿಯಿಂದ ಒಂದು ಮೀಟರ್ ಕೆಳಗೆ ತೂಗುತ್ತಿರಲಿ. ತಲೆಯ ಮೇಲಿಂದ ನೇರವಾಗಿ, ಒಂದೇ ಹದದಲ್ಲಿ ಬೀಸಿ. ಚಾಟಿ ಬೀಸಿದಂತೆ ಝಾಡಿಸಿದರೆ ಎರೆ ಕಳಚಿ ಹಾರುತ್ತದೆ. ಗುರಿಗಿಂತ ಎರಡು ಮೂರು ಮೀಟರ್ ಮುಂದಕ್ಕೆ ಎಸೆಯಿರಿ. ಬೆಂಡು ನೀರಿಗೆ ಬೀಳುವ ಮುನ್ನ ತೋರುಬೆರಳನ್ನು ಸ್ಪೂಲಿನ ಅಂಚಿಗೆ ಮೆತ್ತಗೆ ತಾಗಿಸಿ. ಬೆಂಡು ನಿಧಾನವಾಗುತ್ತದೆ, ಹಿಂದಿದ್ದ ಕೊಕ್ಕೆ ಅದನ್ನು ದಾಟಿ ಮುಂದೆ ಬೀಳುತ್ತದೆ, ದಾರ ನೀಟಾಗಿ ಬಿಚ್ಚಿಕೊಳ್ಳುತ್ತದೆ.

ಈಗ ರಾಡ್ ತುದಿಯನ್ನು ನೀರೊಳಗೆ ಒಂದು ಗೇಣು ಅದ್ದಿ, ರೀಲ್ ಹಿಡಿಯನ್ನು ಎರಡು ಮೂರು ಸುತ್ತು ಚುರುಕಾಗಿ ತಿರುಗಿಸಿ. ಬೆಂಡು ಗುರಿಯ ಜಾಗಕ್ಕೆ ಬರುತ್ತದೆ, ದಾರ ಪೂರ್ತಿ ಮುಳುಗುತ್ತದೆ. ಮೇಲೆ ತೇಲುವ ದಾರಕ್ಕೆ ಗಾಳಿ ಹೊಡೆದರೆ ಅದು ಬಿಲ್ಲಿನಂತೆ ಬಾಗಿ ಬೆಂಡನ್ನು ಎಳೆದೊಯ್ಯುತ್ತದೆ. ನೆಲದ ಮೇಲೆ ಸುಮ್ಮನಿರಬೇಕಾದ ಎರೆ ಓಡುತ್ತಿದ್ದರೆ ಯಾವ ಮೀನೂ ನಂಬುವುದಿಲ್ಲ. ದಾರ ಮುಳುಗಿದ ಮೇಲೂ ಬೆಂಡು ಗಾಳಿಗೆ ಎದುರಾಗಿ ಜರುಗುತ್ತಿದ್ದರೆ ಗಾಬರಿ ಬೇಡ. ಮೇಲ್ನೀರನ್ನು ಗಾಳಿ ಒಂದು ಕಡೆ ತಳ್ಳಿದಾಗ ತಳದ ನೀರು ತಿರುಗಿ ಇನ್ನೊಂದು ಕಡೆ ಹರಿಯುತ್ತದೆ. ಆಳ ಇನ್ನಷ್ಟು ಹೆಚ್ಚಿಸಿ, ಕೊನೆಯ ನಂ. 8 ಗುಂಡೂ ನೆಲಕ್ಕೆ ಕೂರುವಂತೆ ಮಾಡಿ.

ಹರಿಯುವ ನೀರಿನ ಕತೆ ಬೇರೆ. ಅಲ್ಲಿ ಬೆಂಡನ್ನು ಮೇಲೂ ಕೆಳಗೂ ಸಿಲಿಕಾನ್ ಬಳೆಯಿಂದ ದಾರಕ್ಕೆ ಕಟ್ಟಿ, ಸಣ್ಣ ಗುಂಡುಗಳನ್ನು ಅಂಗಿಯ ಗುಂಡಿಗಳಂತೆ ಸಮದೂರದಲ್ಲಿ ಸಿಕ್ಕಿಸಿ, ದಾರವನ್ನು ಮುಳುಗಿಸದೆ ರಾಡ್ ಎತ್ತಿ ಹಿಡಿಯುತ್ತಾರೆ. ನಿಂತ ನೀರು ಕೈಗೆ ಹತ್ತಿದ ಮೇಲೆ ಅದನ್ನು ಕಲಿಯಿರಿ.

ಎಣಿಸುವ ಅಭ್ಯಾಸ

ಬೆಂಡು ನೀರಿಗೆ ಬಿದ್ದ ಕೂಡಲೇ ಪೂರ್ತಿ ಇಳಿಯುವುದಿಲ್ಲ. ಬುಡದ ಗುಂಡುಗಳಿಗೆ ನೆಟ್ಟಗಾಗುತ್ತದೆ, ನಂ. 4 ಇಳಿದು ದಾರ ಬಿಗಿದಾಗ ಒಂದು ಮೆಟ್ಟಿಲು, ಆಮೇಲೆ ಒಂದೊಂದೇ ನಂ. 8ಕ್ಕೆ ಕೂದಲೆಳೆಯಷ್ಟು ಇಳಿಯುತ್ತ ಕೊನೆಗೆ ನಿಲ್ಲುತ್ತದೆ. ಪ್ರತಿ ಸಲವೂ ಮನಸ್ಸಿನಲ್ಲೇ ಎಣಿಸಿ. ಎಂಟಕ್ಕೆ ನಿಲ್ಲುವ ಬೆಂಡು ಹತ್ತಾದರೂ ನಿಂತಿಲ್ಲವೆಂದರೆ ಕೊನೆಯ ಗುಂಡು ಇಳಿದಿಲ್ಲ, ಅಂದರೆ ಇಳಿಯುತ್ತಿದ್ದ ಎರೆ ಯಾರದೋ ಬಾಯಲ್ಲಿದೆ. ಸೆಳೆಯಿರಿ. ಬೆಂಡು ಅಲುಗಿರುವುದೇ ಇಲ್ಲ, ಆದರೂ ಮೀನು ಸಿಗುತ್ತದೆ.

ನಿಂತಿದ್ದ ಬೆಂಡು ಇದ್ದಕ್ಕಿದ್ದಂತೆ ಮೇಲೆದ್ದರೂ ಕಚ್ಚಿದಂತೆಯೇ. ಮೀನು ನೆಲದಿಂದ ಎರೆ ಎತ್ತಿಕೊಂಡಾಗ ಕೊನೆಯ ಗುಂಡಿನ ಭಾರ ಬೆಂಡಿಗಿರುವುದಿಲ್ಲ, ಅದು ಎದ್ದುಬಿಡುತ್ತದೆ. ಹೊಸಬರು ಮುಳುಗಲಿ ಎಂದು ಕಾಯುತ್ತ ಕೂರುವುದು ಇಲ್ಲೇ. ಬೆಂಡು ಓರೆಯಾಗಿ ನೀರೊಳಗೆ ಜಾರಿದರೆ ಎರಡು ಮಾತಿಲ್ಲ. ಸುಮ್ಮನೆ ಪಟಪಟ ನಡುಗಿದರೆ ಪುಟ್ಟ ಮೀನುಗಳು ಎರೆಯನ್ನು ಕುಕ್ಕುತ್ತಿವೆ, ಎರೆಯನ್ನೂ ಕೊಕ್ಕೆಯನ್ನೂ ಒಂದು ಅಳತೆ ಚಿಕ್ಕದು ಮಾಡಿ. ನಿಧಾನಕ್ಕೆ ಒಂದು ಕಡೆ ವಾಲಿ ಹಾಗೇ ವಾಪಸ್ ಬಂದರೆ ದೊಡ್ಡ ಮೀನಿನ ಮೈ ದಾರಕ್ಕೆ ತಾಗಿದೆ. ಆಗ ಸೆಳೆದರೆ ಕೊಕ್ಕೆ ಮೈಗೆ ಚುಚ್ಚುತ್ತದೆ, ಉಳಿದ ಮೀನುಗಳೂ ಬೆದರಿ ಓಡುತ್ತವೆ.

ಸೆಳೆಯುವುದು ಎಂದರೆ ಆಕಾಶಕ್ಕೆ ಎತ್ತಿ ಒಗೆಯುವುದಲ್ಲ. ರಾಡನ್ನು ಪಕ್ಕಕ್ಕೆ, ನೀರಿಗೆ ಸಮನಾಗಿ ಮೊಳದಷ್ಟು ಸರಿಸಿ ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ. ರಾಡನ್ನು ಕೈಯಲ್ಲೇ ಹಿಡಿಯಿರಿ, ಇಲ್ಲವೇ ಎರಡು ಕವಲುಗೋಲುಗಳ ಮೇಲಿಟ್ಟು ಕೈಯನ್ನು ಹಿಡಿಕೆಯ ಮೇಲೇ ಇಡಿ. ಮೇಲಿಂದ ಮೇಲೆ ತಪ್ಪುತ್ತಿದ್ದರೆ ಮೊದಲು ಎರೆ ನೋಡಿ: ಕೊಕ್ಕೆಯ ಮೊನೆ ಹಿಟ್ಟಿನೊಳಗೆ ಹೂತುಹೋಗಿದ್ದರೆ ಅದು ಚುಚ್ಚುವುದಾದರೂ ಹೇಗೆ?

ಮೇವು

ಒಮ್ಮೆಲೇ ಬುಟ್ಟಿಗಟ್ಟಲೆ ಸುರಿದರೆ ಮೀನಿನ ಹೊಟ್ಟೆ ತುಂಬುತ್ತದೆ. ಕೊಕ್ಕೆಗೆ ಹಾಕುವುದನ್ನೇ ಎಂಟು ಹತ್ತು ಕಾಳಿನಷ್ಟು ಮೂರರಿಂದ ಐದು ನಿಮಿಷಕ್ಕೊಮ್ಮೆ, ಮೀನು ಕಚ್ಚಲಿ ಬಿಡಲಿ, ಬೆಂಡಿನ ಸುತ್ತಲೇ ಹಾಕುತ್ತಿರಿ. ಮೇವು ಬೀಳುವ ಜಾಗ ಚದುರಿದರೆ ಮೀನೂ ಚದುರುತ್ತದೆ, ದೂರಕ್ಕೆ ಕವಣೆ ಬಳಸಿ.

ಕಚ್ಚುವುದು ನಿಂತರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಆಳವನ್ನು ಒಂದು ಗೇಣು ಕಮ್ಮಿ ಮಾಡಿ, ಮೇವಿನ ಸದ್ದಿಗೆ ಮೀನು ಮೇಲೆದ್ದಿರಬಹುದು. ಆಮೇಲೆ ಕೊನೆಯ ಗುಂಡನ್ನು ಕೊಕ್ಕೆಯತ್ತ 10 ಸೆಂ.ಮೀ.ಗೆ ತನ್ನಿ, ಆಮೇಲೆ ಎರೆ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಮೀನು ಸಿಕ್ಕರೂ ಯಾವುದರಿಂದ ಸಿಕ್ಕಿತು ಎಂದು ತಿಳಿಯುವುದಿಲ್ಲ.

ಮೀನು ದಡಕ್ಕೆ ಬಂದಾಗ

ಡ್ರ್ಯಾಗನ್ನು, ಅಂದರೆ ಮೀನು ಜಗ್ಗಿದಾಗ ರೀಲ್ ದಾರ ಬಿಟ್ಟುಕೊಡುವ ಬಿಗಿಯನ್ನು, ಬೆಳಿಗ್ಗೆಯೇ ಹೊಂದಿಸಿರಬೇಕು. ಕೈಯಿಂದ ದಾರ ಎಳೆದರೆ ಕೊಕ್ಕೆಯ ತೆಳು ದಾರ ತುಂಡಾಗುವ ಮೊದಲು ಸ್ಪೂಲ್ ಜಾರಬೇಕು. ಕೈಬಲೆಯನ್ನು ಮೊದಲೇ ನೀರಲ್ಲಿ ಅದ್ದಿ ಸ್ಥಿರವಾಗಿ ಹಿಡಿದು, ದಣಿದ ಮೀನನ್ನು ಅದರ ಮೇಲಕ್ಕೆ ತಂದು ಎತ್ತಿ. ಬಲೆಯನ್ನು ಮೀನಿನ ಹಿಂದೆ ಬೀಸಿದರೆ ಮೀನು ಗಾಬರಿಯಿಂದ ಒದೆಯುತ್ತದೆ, ಇಲ್ಲವೇ ಬಲೆಗೆ ದಾರ ಸಿಕ್ಕಿ ತುಂಡಾಗುತ್ತದೆ.

ಬಿಡುವ ಮೀನಾದರೆ ಮುಟ್ಟುವ ಮೊದಲು ಕೈ ಒದ್ದೆ ಮಾಡಿ. ಒಣಗೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಸೋಂಕಿನಿಂದ ಮೀನನ್ನು ಕಾಪಾಡುವುದು ಅದೇ ಲೋಳೆ. ಕೊಕ್ಕೆ ಬಿಡಿಸುವ ಕಡ್ಡಿ ಜೇಬಿನಲ್ಲಿರಲಿ. ಕೊಕ್ಕೆ ತೀರಾ ಒಳಗಿದ್ದರೆ ಕೆದಕಬೇಡಿ, ಆದಷ್ಟು ಹತ್ತಿರಕ್ಕೆ ದಾರ ಕತ್ತರಿಸಿ ಬಿಟ್ಟುಬಿಡಿ. ನೀರಿಗೆ ಎಸೆಯದೆ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ತಾನಾಗಿ ಈಜಿ ಹೋಗುವವರೆಗೆ ಕಾಯಿರಿ.

ಏಳುವ ಮೊದಲು ಕೂತ ಜಾಗದಲ್ಲಿ ಬಿದ್ದಿರುವ ದಾರದ ತುಂಡುಗಳನ್ನೆಲ್ಲ ಹೆಕ್ಕಿ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳದಷ್ಟು ಚಿಕ್ಕದಾಗಿ ಕತ್ತರಿಸಿ ಜೊತೆಗೇ ಒಯ್ಯಿರಿ. ಕೈಬಲೆ ಒಣಹಾಕಿ, ರೀಲಿನ ಡ್ರ್ಯಾಗ್ ಸಡಿಲ ಮಾಡಿ, ಕೊಕ್ಕೆ ಕಟ್ಟಿದ ಕೊನೆಯ ದಾರವನ್ನು ಬಿಸಾಕಿ. ಒಂದು ದಿನ ಉಜ್ಜಿದ ತೆಳು ದಾರವನ್ನು ಮುಂದಿನ ಸಲ ನಂಬಲಾಗದು.