ದೊಡ್ಡ ಇಲಿಯ ಸ್ಲೈಸ್ ಬದುಕಲ್ಲ ಅಂದವರಿಗೆ

ಇಲಿಗೆ ಮೂರು ವಾರ ದಾಟಿತೋ, ಕಾಕ್ಲಿಯರ್ ನ್ಯೂಕ್ಲಿಯಸ್ (ಕಿವಿಯ ನರ ಮಿದುಳಿನಲ್ಲಿ ಮೊದಲು ಬಂದು ಸೇರುವ ಜಾಗ) ಸ್ಲೈಸ್, ಅಂದರೆ ಅದರ ಜೀವಂತ ತೆಳು ಹೋಳು, ಮರೆತುಬಿಡಿ. ಈ ಮಾತನ್ನು ನನಗೆ ಹೇಳದ ಸೀನಿಯರ್ ಇಲ್ಲ. ನರತಂತುಗಳ ಕೊಬ್ಬಿನ ಹೊದಿಕೆ ಮೈಲಿನ್ ಜಾಸ್ತಿಯಾಗಿರುತ್ತೆ, ಬ್ಲೇಡ್ ಎಳೆದಾಡುತ್ತೆ, ಮೇಲಿನ ಸೆಲ್‌ಗಳೆಲ್ಲ ಊದಿಕೊಂಡು ಸತ್ತಿರುತ್ತವೆ ಅನ್ನೋದು ಅವರ ವಾದ. ಸುಳ್ಳೇನಲ್ಲ. ಆದರೆ ನನಗೆ ಬೇಕಿದ್ದದ್ದೇ ದೊಡ್ಡ ಇಲಿ. ಇಲಿಗೆ ಕಿವಿ ಕೇಳಲು ಶುರುವಾಗುವುದೇ ಹುಟ್ಟಿದ 12ನೇ ದಿನದ ಆಸುಪಾಸಿನಲ್ಲಿ. ಆಮೇಲೆ ಕಿವಿ ಮುಚ್ಚಬೇಕು, ಒಂದೆರಡು ವಾರ ಹಾಗೇ ಬಿಡಬೇಕು. ಕೆಲವಕ್ಕೆ ಪ್ಲಗ್ ತೆಗೆದು ಮತ್ತೆ ಕಾಯಬೇಕು. ಅಷ್ಟರಲ್ಲಿ ಇಲಿಗೆ ತಿಂಗಳು ದಾಟಿರುತ್ತದೆ. ಕಿವಿ ಮಂದವಾದರೆ ಮಿದುಳಿನ ನರಕೋಶ ಏನಾಗುತ್ತದೆ ಅಂತ ಕೇಳುವವನು ಎಳೆ ಮರಿಯ ಸ್ಲೈಸ್ ಇಟ್ಟುಕೊಂಡು ಏನು ಮಾಡಬೇಕು?

ಮೊದಲು ದುಡ್ಡು ಹೋದದ್ದು ಇಲಿಗೆ. ಎಲ್ಲ ಅನಿಮಲ್ ಹೌಸ್‌ನಲ್ಲೂ ಸಿಗುವ ಬ್ಲ್ಯಾಕ್-6 ತಳಿಯ ಇಲಿ ಅಗ್ಗ, ನಿಜ. ಆದರೆ ಅದರ ಕ್ಯಾಡ್‌ಹೆರಿನ್-23 ಜೀನಿನಲ್ಲೇ ದೋಷ. ವಯಸ್ಸಾದಂತೆ ಮೇಲಿನ ಫ್ರೀಕ್ವೆನ್ಸಿಯಿಂದ ಕಿವಿ ತಾನಾಗಿ ಹೋಗುತ್ತಾ ಬರುತ್ತದೆ. ನಾನು ಮುಚ್ಚಿದ್ದರಿಂದ ಆದದ್ದು ಯಾವುದು, ಹುಟ್ಟಿನಿಂದ ಬಂದದ್ದು ಯಾವುದು ಅಂತ ಹೇಳೋದು ಹೇಗೆ? ಆ ದೋಷವಿಲ್ಲದ ಸಿಬಿಎ ತಳಿ ತರಿಸಿದೆ. ಜೋಡಿಗೆ ಹೆಚ್ಚುಕಡಿಮೆ ಮೂರು ಪಟ್ಟು ಬೆಲೆ, ಜತೆಗೆ ನೈತಿಕ ಸಮಿತಿಗೆ ಹೊಸದಾಗಿ ಅರ್ಜಿ. ಗೈಡ್ ಮುಖ ಗಂಟಿಕ್ಕಿದರು, ಸಹಿ ಹಾಕಿದರು.

ಕಿವಿ ಮುಚ್ಚುವುದು ಸುಲಭ ಅಂದುಕೊಂಡವರು ಒಮ್ಮೆ ಮಾಡಿ ನೋಡಲಿ. ಹತ್ತಿ, ವ್ಯಾಸಲೀನ್ ಎಲ್ಲ ಮಾರನೇ ದಿನ ಪಂಜರದ ಹೊಟ್ಟಿನಲ್ಲಿ ಬಿದ್ದಿರುತ್ತಿತ್ತು. ಹಿಂಗಾಲಿನಿಂದ ಕೆರೆದು ಕಿತ್ತು ಹಾಕುತ್ತವೆ. ಎಪಾಕ್ಸಿ ಗಟ್ಟಿಯಾಗುತ್ತೆ, ಆದರೆ ಚರ್ಮ ಕೆಂಪಾಗಿಸುತ್ತೆ, ಆಮೇಲೆ ತೆಗೆಯಲು ಬರುವುದಿಲ್ಲ. ಕೊನೆಗೆ ಕೈಹಿಡಿದದ್ದು ಹಿಯರಿಂಗ್ ಏಡ್ ಅಂಗಡಿಯ ಸಿಲಿಕೋನ್. ಇಯರ್ ಮೋಲ್ಡ್‌ಗೆ ಅಳತೆ ತೆಗೆಯಲು ಎರಡು ಬಣ್ಣದ ಪೇಸ್ಟ್ ಕಲಸುತ್ತಾರಲ್ಲ, ಅದೇ. ಒಂದು ಡಬ್ಬಿ ಒಂದು ವರ್ಷ ಬಂತು. ಇಲಿ ಅದನ್ನು ಕಿತ್ತು ಹಾಕದಂತೆ ಹೇಗೆ ಕೂರಿಸಿದೆ ಅನ್ನೋದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ.

ಪ್ಲಗ್ ಹಾಕಿದ್ದೇನೆ ಅಂದರೆ ಯಾರೂ ನಂಬಲ್ಲ, ಎಬಿಆರ್ (ಶಬ್ದಕ್ಕೆ ಮಿದುಳಿನ ಬುಡ, ಅಂದರೆ ಬ್ರೈನ್‌ಸ್ಟೆಮ್ ಕೊಡುವ ವಿದ್ಯುತ್ ಅಲೆ) ತೋರಿಸಲೇಬೇಕು. ಕರೆಂಟ್ ಲೈನಿನ 50 ಹರ್ಟ್ಸ್ ಗುಂಯ್ ಶಬ್ದದ ಜತೆ ಗುದ್ದಾಡಿ, ಅರ್ಧ ರೂಮಿನ ಕರೆಂಟ್ ಪ್ಲಗ್‌ಗಳನ್ನೆಲ್ಲ ಕಿತ್ತ ಮೇಲೆ ಅಲೆಗಳು ಕಾಣಿಸಿದವು. ಮುಚ್ಚಿದ ಕಿವಿಯ ಥ್ರೆಶೋಲ್ಡ್ (ಕೇಳಿಸುವ ಕನಿಷ್ಠ ಶಬ್ದ) 35–40 ಡೆಸಿಬೆಲ್ ಏರಿತ್ತು. ತೆಗೆದ ಮೇಲೆ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬಂತು. ಒಳಕಿವಿಯ ಕಾಕ್ಲಿಯಾಕ್ಕೆ ಪೆಟ್ಟಾಗಿಲ್ಲ ಅಂತ ಇದರಿಂದ ಧೈರ್ಯ ಬಂತು.

ಇನ್ನು ಸ್ಲೈಸ್. ಐಸ್‌ನಂತೆ ತಣ್ಣಗಿರುವ ಸುಕ್ರೋಸ್ ದ್ರಾವಣದಲ್ಲಿ ಕತ್ತರಿಸಿ ಕತ್ತರಿಸಿ ಒಂದು ಇಡೀ ಮಳೆಗಾಲ ಹೋಯಿತು. ಸೋಡಿಯಂ ಬದಲು ಎನ್‌ಎಂಡಿಜಿ ಹಾಕಿದೆ, ಸ್ವಲ್ಪ ವಾಸಿ, ಅಷ್ಟೇ. ಸ್ಲೈಸ್‌ಗೆ ಆಮ್ಲಜನಕ ಕೊಡುವ ಕಾರ್ಬೋಜೆನ್ ಸಿಲಿಂಡರ್ ಖಾಲಿಯಾಗುತ್ತಿತ್ತು, ಸೆಲ್ ಸಿಗುತ್ತಿರಲಿಲ್ಲ. ಸೆರೆಬೆಲ್ಲಮ್ (ಕಿರುಮಿದುಳು) ಸ್ಲೈಸ್ ಮಾಡುವವರು ದೊಡ್ಡ ಇಲಿಯ ಮಿದುಳನ್ನು ಮೈಬಿಸಿಯಲ್ಲೇ ಕತ್ತರಿಸಬಹುದು ಅಂತ ಬರೆದದ್ದು ನೆನಪಾಯಿತು. ಸ್ಲೈಸ್ ಕತ್ತರಿಸುವ ಯಂತ್ರ ವೈಬ್ರಟೋಮ್‌ನ ಐಸ್ ಟ್ರೇಗೆ ಐಸ್ ಬದಲು ಬಿಸಿನೀರು ಸುರಿದೆ. ಒಳಗಿನ ದ್ರಾವಣ 35 ಡಿಗ್ರಿ ಆಸುಪಾಸು. ಪಕ್ಕದ ಬೆಂಚಿನವನು ‘ಸಾರು ಮಾಡ್ತಿದೀಯಾ?’ ಅಂದ. ಮಾಮೂಲಿ ಬ್ಲೇಡ್ ಬಿಟ್ಟು ಸೆರಾಮಿಕ್ ಬ್ಲೇಡ್ ಹಾಕಿದೆ. ವೇಗ ಎಷ್ಟು ಕಡಿಮೆ ಅಂದರೆ, ಒಂದು ಸ್ಲೈಸ್ ಬೀಳುವಷ್ಟರಲ್ಲಿ ಒಂದು ಕಾಫಿ ಮುಗಿಯುತ್ತೆ.

ಅವತ್ತು ಮೈಕ್ರೋಸ್ಕೋಪ್ ಕೆಳಗೆ ಕಂಡ ಸೆಲ್‌ಗಳ ಅಂಚು ಮೆತ್ತಗೆ, ಮೈ ನುಣ್ಣಗೆ. ಅಳೆಯುವ ಗಾಜಿನ ಪಿಪೆಟ್ ಹತ್ತಿರ ಹೋದಾಗ ಸಣ್ಣ ಗುಳಿ ಬಿತ್ತು, ಬಾಯಲ್ಲಿ ಸ್ವಲ್ಪ ಗಾಳಿ ಎಳೆದೆ, ಸೆಲ್‌ಗೆ ಬಿಗಿಯಾಗಿ ಅಂಟಿತು, ಸೀಲ್. ಕರೆಂಟ್ ಕೊಟ್ಟರೆ ಒಂದೇ ಒಂದು ಸ್ಪೈಕ್, ಆಮೇಲೆ ಸುಮ್ಮನೆ. ಇದು ಕಿವಿಯ ನರ ಬಂದು ಅಂಟಿಕೊಳ್ಳುವ ಬುಶಿ ಸೆಲ್ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ ಅಲ್ವಾ? ಕಿವಿಯ ನರಕ್ಕೆ ಸ್ಟಿಮ್ಯುಲಸ್ ಏರಿಸುತ್ತಾ ಹೋದೆ. ಏನಿಲ್ಲ, ಏನಿಲ್ಲ, ಆಮೇಲೆ ಒಮ್ಮೆಗೇ ಹಲವು ನ್ಯಾನೋಆಂಪ್‌ನ ಪೂರ್ತಿ ಇಪಿಎಸ್‌ಸಿ, ಅಂದರೆ ನರದ ಸಂದೇಶಕ್ಕೆ ಸೆಲ್‌ನೊಳಗೆ ಹರಿಯುವ ಕರೆಂಟ್. ಒಂದೇ ಎಂಡ್‌ಬಲ್ಬ್, ಕಿವಿಯ ನರದ ದೊಡ್ಡ ತುದಿ!

100 ಹರ್ಟ್ಸ್ ಟ್ರೇನ್, ಅಂದರೆ ಸೆಕೆಂಡಿಗೆ ನೂರರಂತೆ ಸಾಲು ಪಲ್ಸ್ ಕೊಟ್ಟಾಗ, ತೆರೆದ ಕಿವಿಯ ಕಡೆ ಎರಡನೇ ಇಪಿಎಸ್‌ಸಿ ಮೊದಲನೆಯದರ ಮೂರನೇ ಎರಡು ಭಾಗ ಉಳಿಯುತ್ತಿತ್ತು. ಮುಚ್ಚಿದ ಕಡೆ ಅರ್ಧಕ್ಕೂ ಕೆಳಗೆ. ಕಡಿಮೆ ಶಬ್ದಕ್ಕೆ ಒಗ್ಗಿದ ನರದ ತುದಿ ಮೊದಲ ಸಲವೇ ಜಾಸ್ತಿ ಟ್ರಾನ್ಸ್‌ಮಿಟರ್ (ಸಂದೇಶ ಸಾಗಿಸುವ ರಾಸಾಯನಿಕ) ಸುರಿದುಬಿಡುತ್ತದೆ, ಸಂಬಳವೆಲ್ಲ ಮೊದಲ ವಾರದಲ್ಲೇ ಖರ್ಚು ಮಾಡಿದ ಹಾಗೆ. ಅಮೆರಿಕದ ಬಫಲೋದ ಷು-ಫ್ರೀಡ್‌ಮನ್ ಲ್ಯಾಬ್ 2017ರಲ್ಲಿ ಕಿವಿ ಮುಚ್ಚಿ ತೋರಿಸಿದ್ದ ದಿಕ್ಕೂ ಇದೇ. ಹಾಗಾಗಿ ನಂದು ಹೊಸ ಶೋಧ ಅಂತಲ್ಲ. ಆದರೆ ಈ ಬಜೆಟ್ಟಿನಲ್ಲಿ, ಈ ವಯಸ್ಸಿನ ಇಲಿಯಲ್ಲಿ ಬಂತು ಅನ್ನೋದು ನನಗೆ ದೊಡ್ಡದು. ಪ್ಲಗ್ ತೆಗೆದು ಕಾದ ಇಲಿಗಳಲ್ಲಿ ಇದು ಬಹುಪಾಲು ಮೊದಲಿನಂತಾಯಿತು.

ಇದು ಕಿವಿಯಿಂದ ಆದದ್ದಲ್ಲ, ನಿನ್ನ ಸ್ಲೈಸ್‌ಗೇ ಹುಷಾರಿಲ್ಲ ಅಂದವರೂ ಇದ್ದರು. ಅದಕ್ಕೇ ಒಂದೇ ಕಿವಿ ಮುಚ್ಚಿದ್ದು. ಈ ನ್ಯೂಕ್ಲಿಯಸ್‌ಗೆ ನರ ಬರೋದು ಅದೇ ಬದಿಯ ಕಿವಿಯಿಂದ. ಒಂದೇ ಇಲಿ, ಒಂದೇ ಬ್ಲೇಡ್, ಒಂದೇ ದ್ರಾವಣ, ಯಾವ ಬದಿ ಮುಚ್ಚಿದ್ದು ಅಂತ ಪ್ಯಾಚ್ ಮಾಡುವಾಗ (ಪಿಪೆಟ್ ಅಂಟಿಸಿ ಅಳೆಯುವಾಗ) ನನಗೇ ಗೊತ್ತಿರುತ್ತಿರಲಿಲ್ಲ. ಎರಡೂ ಬದಿಗೆ ಒಳಸಂಪರ್ಕ ಇದೆಯಲ್ಲ ಅಂದರು. ಪ್ಲಗ್ಗೇ ಹಾಕದ ಒಡಹುಟ್ಟಿದ ಇಲಿಗಳನ್ನೂ ಸೇರಿಸಿದೆ. ಆಮೇಲೆ ಮಾತು ನಿಂತಿತು.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದಿದ್ದೆ. 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಸಿಬಿಎ ಇಲಿಗೆ ಎರಡು ಗಂಟೆ 100 ಡೆಸಿಬೆಲ್ ಶಬ್ದ ಕೊಟ್ಟರು. ಥ್ರೆಶೋಲ್ಡ್ ವಾಪಸ್ ಬಂದರೂ ಕಾಕ್ಲಿಯಾದ ಸಿನಾಪ್ಸ್‌ಗಳು (ನರದ ಜೋಡಣೆಗಳು) ಅರ್ಧದವರೆಗೂ ಹೋಗಿದ್ದವು. ಅಂಥ ಇಲಿಯ ಎಂಡ್‌ಬಲ್ಬ್ ಹೇಗಿರುತ್ತೆ ಅಂತ ಕುತೂಹಲ. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಟ್ವೀಟರ್ ಸ್ಪೀಕರ್ ತಂದು ಡಬ್ಬ ಕಟ್ಟಿದೆ. ಅರ್ಧ ಗಂಟೆಗೆ ಸುಟ್ಟ ವಾಸನೆ. ಎರಡನೆಯದೂ ಅಷ್ಟೇ. ಒಳ್ಳೆಯ ಸ್ಪೀಕರ್‌ಗೆ ಕೊಟೇಶನ್ ತರಿಸಿದೆ, ನೋಡಿ ಮಡಚಿಟ್ಟೆ.

ಮುಂದಿನದು ಇನ್ಹಿಬಿಷನ್, ಸೆಲ್ ಅನ್ನು ತಡೆಯುವ ಸಂದೇಶಗಳು. ಇದುವರೆಗೂ ಸ್ಟ್ರಿಕ್ನಿನ್ ಹಾಕಿ ಗ್ಲೈಸಿನ್ ಬಾಯಿ ಮುಚ್ಚಿಸಿಯೇ ಅಳೆದಿದ್ದೇನೆ. ಅದಿಲ್ಲದೆ ನೋಡಬೇಕು. ದ್ರಾವಣದ ರೆಸಿಪಿ ಯಾರಿಗೆ ಬೇಕಾದರೂ ಕೊಡುತ್ತೇನೆ, ಕೇಳಿ. ಬ್ರೈನ್‌ಸ್ಟೆಮ್ ಅಂಟಿಸುವ ಕೋನ ಮಾತ್ರ ಪೇಪರ್ ಬಂದ ಮೇಲೆ.